ಹೆಡ್‌ಮಾಸ್ತರರ ಕೊರಳಿನ ಹಾರ

ಶಾಲೆಯ ಫೇಸ್‌ಬುಕ್ ಪುಟವನ್ನು ನೋಡಿಕೊಳ್ಳುತ್ತಿದ್ದವಳು ಹತ್ತನೇ ತರಗತಿಯ ಹುಡುಗಿ. ಹೆಡ್‌ಮಾಸ್ತರರಿಗೆ ಸನ್ಮಾನವಾದ ಸಂಜೆ, ಕೊರಳಲ್ಲಿ ಹಾರವಿದ್ದ ಅವರ ಫೋಟೊ ಹಾಕಿದಳು. ಹಾರ ಯಾಕೆಂದು ಬರೆಯಲು ಮರೆತಳು. ಬೆಳಿಗ್ಗೆ ಅವರು ಅವಳನ್ನು ಕೋಣೆಗೆ ಕರೆಸಿದರು.

“ನೋಡಮ್ಮಾ, ಊರಿಗೆ ಊರೇ ‘ಓಂ ಶಾಂತಿ’ ಅಂತ ಬರೆದಿದೆ. ನಮ್ಮ ಬೀಗರೂ ಬರ್ದಿದಾರೆ! ಸರಿ ಮಾಡ್ತೀಯೋ, ಪೇಜು ಬೇರೆಯವರಿಗೆ ಕೊಡ್ಲೋ?”

“ಬೇಡ ಸಾರ್, ಈಗ್ಲೇ ಹಾಕ್ತೀನಿ. ‘ನಮ್ಮ ಸಾರ್ ಬದುಕಿದ್ದಾರೆ’ ಅಂದ್ರೆ ಸಾಕಾ?”

“‘ಆರೋಗ್ಯವಾಗಿ’ ಅಂತ ಸೇರಿಸು.”

ಅವಳು ಟೈಪ್ ಮಾಡುವಷ್ಟರಲ್ಲಿ ಹೊರಗೆ ಉದ್ದನೆಯ ಗಂಟೆ ಹೊಡೆಯಿತು. ಮಕ್ಕಳು ‘ಹೋ’ ಎಂದು ಗೇಟಿನತ್ತ ಓಡಿದರು. ಡ್ರಿಲ್ ಮಾಸ್ತರರು ಒಳಗೆ ಬಂದು, ಹೆಡ್‌ಮಾಸ್ತರರಿಗೆ ನಮಸ್ಕಾರ ಹೇಳಿ, ಹುಡುಗಿಯ ಮೊಬೈಲಿನ ಮೇಲೆ ಕಣ್ಣಾಡಿಸಿದರು.

“ಇದನ್ನ ಸಂಜೆ ಹಾಕಮ್ಮಾ. ಸಾರ್ ಹೋದ್ರು ಅಂತ ರಜೆ ಕೊಟ್ಬಿಟ್ಟಿದೀವಿ.”