ಸಾಬಣ್ಣ ಯಾರು?

"ಸಾಬಣ್ಣ ಯಾರು? ಹೈದರಾಬಾದ್ ಕನ್ನಡಿಗ ಸಾಬಣ್ಣ ಅವರು ಹೈದರಾಬಾದಿನ ಕನ್ನಡಿಗರಿಗೆಲ್ಲ ಪರಿಚಿತರಾದ ಹೈದರಾಬಾದ್ ಕನ್ನಡಿಗರು."

ಮೈಕಿನ ಮುಂದೆ ಮೊಬೈಲ್ ಹಿಡಿದು ಇಷ್ಟು ಓದುವಷ್ಟರಲ್ಲೇ ಮೋಹನನಿಗೆ ಬೆವರು ಕಿತ್ತುಕೊಂಡು ಬಂತು. ಸನತ್‌ನಗರದ ಆ ಸಣ್ಣ ಸಭಾಂಗಣದಲ್ಲಿ ಸೇರಿದ್ದವರೆಲ್ಲ ಸಾಬಣ್ಣನವರನ್ನು ಬಲ್ಲವರೇ. ಹೋದ ತಿಂಗಳು ಅವರ ಚಟ್ಟಕ್ಕೆ ಹೆಗಲು ಕೊಟ್ಟವರು. ಮುಂದಿನ ಸಾಲಿನಲ್ಲಿ ಅವರ ಹೆಂಡತಿ ಶಾಮಲಾ ಕುಳಿತಿದ್ದರು. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಮೋಹನನ ಬ್ಲಾಗಿನ ಶ್ರದ್ಧಾಂಜಲಿಯೇ ಎಲ್ಲಕ್ಕಿಂತ ಮೇಲೆ ಬರುತ್ತದೆಂದು ಯಾರೋ ಹೇಳಿದ್ದರಿಂದ, ಅದನ್ನೇ ಓದಲಿ ಎಂದು ಹೇಳಿ ಕಳಿಸಿದ್ದವರೂ ಅವರೇ. ಮೋಹನ ಎದೆಯುಬ್ಬಿಸಿಕೊಂಡೇ ಬಂದಿದ್ದ.

ಹೆಸರು ಮೇಲಿಂದ ಮೇಲೆ ಬರಬೇಕು, ತಲೆಬರಹ ಪ್ರಶ್ನೆಯಂತಿರಬೇಕು, ಜನ ಹುಡುಕುವ ಪದಗಳನ್ನು ತುರುಕಬೇಕು. ಬ್ಲಾಗ್ ವಿದ್ಯೆಯ ಒಂದು ನಿಯಮವನ್ನೂ ಅವನು ಬಿಟ್ಟಿರಲಿಲ್ಲ. ಮನುಷ್ಯರ ಮುಂದೆ ಬಾಯಿಬಿಟ್ಟು ಓದಬೇಕಾದೀತು ಎಂಬುದೊಂದು ಮಾತ್ರ ಹೊಳೆದಿರಲಿಲ್ಲ.

"ಹೈದರಾಬಾದಿನಲ್ಲಿ ಕನ್ನಡಿಗರಿಗೆ ಬಾಡಿಗೆ ಮನೆ ಸಿಗುವುದು ಹೇಗೆ? ಸಾಬಣ್ಣ ಅವರಿಂದ. ಸಾಬಣ್ಣ ಅವರ ನಿಧನದಿಂದ ನಾವು ಕಲಿಯಬಹುದಾದ ಐದು ಪಾಠಗಳು..."

ಹಿಂದೆ ಯಾರೋ ಕೆಮ್ಮಿದರು. ಕೆಮ್ಮಲ್ಲ, ನಗು.

"ಮೋಹನಪ್ಪ," ಶಾಮಲಾ ಮೆಲ್ಲಗೆ ಕರೆದರು. "ನಮ್ಮನಿಯವರ ಹೆಸರು ಯಾಕ ಇಷ್ಟ ಸಲ ಕರಿಯಾಕತ್ತೀಯಪ್ಪ? ಅವರು ಹೊಳ್ಳಿ ಬರಂಗಿಲ್ಲ."

ಮೋಹನ ಮೊಬೈಲನ್ನು ಜೇಬಿಗೆ ಹಾಕಿದ.

"ತಪ್ಪಾತ್ರಿ ಅಕ್ಕಾರ. ಇದು ನಿಮಗಂತ ಬರದದ್ದಲ್ರಿ, ಹುಡುಕೋ ಮಷೀನಿಗಂತ ಬರದದ್ದು. ಅದೂ ನನ್ನಂಗ ಮೊದ್ದು. ಒಂದ ಮಾತು ಹತ್ತು ಸಲ ಹೇಳಬೇಕಾಗತೈತಿ."

ಈಗ ಏನು ಹೇಳುವುದು? ಒಂದು ತಲೆಬರಹವೂ ಹೊಳೆಯಲಿಲ್ಲ. ಲಿಂಗಂಪಲ್ಲಿಯ ತನ್ನ ಮೊದಲ ಬಾಡಿಗೆ ಮನೆ ನೆನಪಾಯಿತು, ಅದನ್ನೇ ಹೇಳತೊಡಗಿದ. ತೆಲುಗಿನ ಗಂಧವಿಲ್ಲದೆ ಈ ಊರಿಗೆ ಬಂದಾಗ ಸಾಬಣ್ಣ ಅವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅಲೆದದ್ದು. "ನನ್ನ ಅಕ್ಕನ ಮಗ, ತತ್ತಿ ಸುದ್ದಾ ಮುಟ್ಟಂಗಿಲ್ಲ" ಎಂದು, ಸಸ್ಯಾಹಾರಿಗಳಿಗಷ್ಟೇ ಮನೆ ಕೊಡುತ್ತಿದ್ದ ಮಾಲೀಕನ ಮುಂದೆ ಆಣೆ ಹಾಕಿದ್ದು. ಮುಂದಿನ ಭಾನುವಾರವೇ ಬಿರಿಯಾನಿಯ ಡಬ್ಬಿ ಹಿಡಿದು ಬಂದು, ಮೆಟ್ಟಿಲ ಮೇಲೆ ಅದೇ ಮಾಲೀಕನ ಕೈಗೆ ಸಿಕ್ಕಿಬಿದ್ದದ್ದು.

"ಡಬ್ಬ್ಯಾಗ ಏನೈತಿ ಅಂದ ಅಂವಾ. 'ಪಲಾವ್' ಅಂದ್ರು ಸಾಬಣ್ಣ. ಅಂವಾ ಬಗ್ಗಿ ಮೂಸಿ ನೋಡಿದ. 'ನನಗೂ ಒಂದು ಪ್ಲೇಟ್ ಪಲಾವ್ ಕೊಡ್ರಿ, ನಮ್ಮಾಕಿಗೆ ಹೇಳಬ್ಯಾಡ್ರಿ' ಅಂದ."

ಸಭೆ ಗೊಳ್ಳೆಂದಿತು. ಶಾಮಲಾ ಕುಳಿತಲ್ಲಿಂದಲೇ ಕೂಗಿದರು: "ಆ ಬಿರಿಯಾನಿ ಮಾಡಿದಾಕಿ ನಾನು! ದವಾಖಾನ್ಯಾಗ ಇರೋ ದೋಸ್ತಗ ಅಂತ ಸುಳ್ಳು ಹೇಳಿ ಒಯ್ದಿದ್ರು!" ನಕ್ಕರು, ಕಣ್ಣೊರೆಸಿಕೊಂಡರು, ಮತ್ತೆ ನಕ್ಕರು.

ಸಭೆ ಮುಗಿದ ಮೇಲೆ ಅವರು ಮೋಹನನ ಬಳಿಗೆ ಬಂದರು. "ಆ ಐದು ಪಾಠ ತಗದಹಾಕು. ಈ ಪಲಾವಿನ ಮಾತು ಬರಿ."

"ಬರೀತೀನ್ರಿ. ಆದ್ರ ಇದನ್ನ ಯಾರು ಹುಡುಕ್ತಾರ್ರಿ ಅಕ್ಕಾರ?" ಅಭ್ಯಾಸಬಲದಿಂದ ಅವನ ಬಾಯಿಗೆ ಬಂದುಬಿಟ್ಟಿತು.

"ನಾನು ಹುಡುಕಾಕತ್ತೀನಲ್ಲಪ್ಪ," ಎಂದರು ಶಾಮಲಾ.