ಬಚ್ಚಲಿನ ಲೈನು

"ಏಯ್, ಇನ್ನೆಷ್ಟೊತ್ತಯ್ಯಾ ನಿನ್ ಟೆಸ್ಟು? ಬೋರ್ಡ್ ಕಿತ್ತು ಜಗಲಿಗೆ ಹಾಕು ಅಂದ್ರೆ ಅಷ್ಟ್ ಮಾಡು!" ಮನೆಯ ಯಜಮಾನ ಅಬ್ಬರಿಸಿದ.

"ನೋಡ್ದೆ ಕಿತ್ರೆ ಹೆಣ ಬೀಳ್ತದೆ ಸಾಮಿ." ಒಂದೊಂದು ಲೈನನ್ನೂ ಪರೀಕ್ಷಿಸದೆ ಯಾವ ಮನೆಯ ಫ್ಯೂಸ್ ಬೋರ್ಡನ್ನೂ ಕೀಳುವವನಲ್ಲ ವೈರಿಂಗ್ ಕೆಲಸದ ದ್ಯಾವಣ್ಣ.

ಯಜಮಾನನ ಹೆಂಡತಿ ಟೀ ತಂದಳು; ಅವಳ ತುಟಿ ಒಡೆದಿತ್ತು. ಸಕ್ಕರೆ ಕಡಿಮೆಯೆಂದು ಯಜಮಾನ ಆ ಬಿಸಿ ಟೀಯನ್ನು ಅವಳ ಕಾಲಿನ ಮೇಲೆಯೇ ಸುರಿದ. ದ್ಯಾವಣ್ಣ ಹಲ್ಲು ಕಚ್ಚಿಕೊಂಡು ಬಚ್ಚಲಿಗೆ ಹೋಗಿ ನಲ್ಲಿಗೆ ಟೆಸ್ಟರ್ ಮುಟ್ಟಿಸಿದರೆ ಅದರ ದೀಪ ಹೊತ್ತಿಕೊಂಡಿತು. ಪೈಪಿನ ಹಿಂದೆ ಯಾರೋ ಕರೆಂಟ್ ತಂತಿಯನ್ನು ಸುಲಿದು ಬಿಗಿಯಾಗಿ ಸುತ್ತಿದ್ದರು.

ಹೊಡೆತ ತಿಂದವಳದೇ ಕೆಲಸವಿರಬೇಕು ಎನಿಸಿತು. ಸದ್ದಿಲ್ಲದೆ ಬಚ್ಚಲಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು, ಅಡುಗೆಮನೆಯಲ್ಲಿದ್ದ ಅವಳ ಬಳಿ ಹೋಗಿ ಪಿಸುಗುಟ್ಟಿದ.

"ಜೈಲಿಗ್ ಹೋಗ್ತೀಯಾ ತಂಗಿ. ನಲ್ಲಿಗ್ ಸುತ್ತಿರೋ ತಂತಿ ನಾನೇ ಬಿಚ್ತೀನಿ, ಯಾರ್ಗೂ ಹೇಳಲ್ಲ."

"ಯಾವ ತಂತಿ ಅಣ್ಣಾ?" ಅವಳು ಕಣ್ಣು ಕಣ್ಣು ಬಿಟ್ಟಳು.

ದ್ಯಾವಣ್ಣನಿಗೆ ಬೇರೆಯೇ ಅನುಮಾನ ಹೊಳೆಯಿತು. ಬಚ್ಚಲ ಬಾಗಿಲಲ್ಲಿ ನಿಂತು ಯಜಮಾನನನ್ನು ಕರೆದ.

"ಸಾಮಿ, ಇದೊಂದ್ ಲೈನ್ ಬಾಕಿ ಐತೆ. ಆ ನಲ್ಲಿ ಒಂದ್ ಗಳಿಗೆ ಹಿಡ್ಕೊಳಿ, ಜುಮ್ ಅಂತದಾ ನೋಡಣ."

ಫ್ಯೂಸ್ ಕಿತ್ತಿರುವುದು ಯಜಮಾನನಿಗೆ ತಿಳಿದಿರಲಿಲ್ಲ. ಹೊಸ್ತಿಲಲ್ಲೇ ನಿಂತು ನಲ್ಲಿಯನ್ನು ನೋಡಿದ, ದ್ಯಾವಣ್ಣನನ್ನು ನೋಡಿದ. ಆಮೇಲೆ ಹೆಂಡತಿಯನ್ನು ಜಡೆ ಹಿಡಿದು ಎಳೆದು ತಂದು, "ನೀನ್ ಹಿಡಿಯೇ!" ಎಂದು ನಲ್ಲಿಯ ಮೇಲೆ ನೂಕಿ, ತಾನು ಹಿಂದಕ್ಕೆ ಹಾರಿದ.