ಅತ್ತೆಯ ಕಿವಿಗೊಂದು ಮಿಷಿನ್

ಅಡುಗೆಮನೆಯಿಂದ ಸ್ಪಂದನಾ ಮತ್ತೆ ಮತ್ತೆ ಕೂಗಿದಳು. ಹಿತ್ತಲಿನಿಂದ ಉತ್ತರವೇ ಇಲ್ಲ. ಒಲೆ ಆರಿಸಿ ಹೋಗಿ ನೋಡಿದರೆ, ಅತ್ತೆ ಗಿರಿಜಾಂಬ ಒಗೆಯುವ ಕಲ್ಲಿನ ಮೇಲೆ ಆರಾಮವಾಗಿ ಕೂತು ಅವರೆಕಾಯಿ ಸುಲಿಯುತ್ತಿದ್ದರು.

“ಅತ್ತೆ, ಅಷ್ಟೊತ್ತಿಂದ ಕೂಗ್ತಾ ಇದೀನಿ. ನಿಮಗೆ ಕಿವಿ ಕೇಳಿಸ್ತಿಲ್ಲ ಅನ್ನೋದನ್ನ ಇನ್ನಾದ್ರೂ ಒಪ್ಕೊಳ್ಳಿ.”

ಏನೋ ಹೇಳಲು ಬಾಯಿ ತೆರೆದ ಗಿರಿಜಾಂಬ, ಸೊಸೆಯ ಮುಖ ನೋಡಿ ಮಾತು ಬದಲಿಸಿದರು. “ಹೂಂ ಕಣವ್ವ. ಮಂದ ಆಗೈತೆ. ಒಳ್ಳೆ ಮಿಷಿನ್ ನೋಡಿ ಕೊಡ್ಸು. ಆದ್ರೆ ನೀನೇ ಜತೇಲಿ ಬರ್ಬೇಕು.”

ಸ್ಪಂದನಾಗೆ ಗೆದ್ದಷ್ಟು ಸಂತೋಷ. ಬಾಣಂತನ ಮುಗಿಸಿಕೊಂಡು ತವರಿನಿಂದ ಬಂದಾಗಿನಿಂದ ಅವಳು ಇದನ್ನೇ ಹೇಳುತ್ತಿದ್ದಳು. ಅತ್ತೆಯ ಮಾತು ಈಚೆಗೆ ಗಂಟಲಲ್ಲೇ ಉಳಿಯುತ್ತಿತ್ತು. ಕಿವಿ ಮಂದವಾದವರಿಗೆ ತಮ್ಮ ದನಿಯ ಅಂದಾಜು ತಪ್ಪುತ್ತದೆ ಎಂದು ಅವಳು ಎಲ್ಲೋ ಓದಿದ್ದಳು. ಗಂಡ ರುದ್ರಪ್ರಸಾದ್ ಟೀವಿಯ ಸದ್ದು ತಗ್ಗಿಸಿದರೆ, ಪಾಪ ಅತ್ತೆಗೆ ಕೇಳಬೇಕಲ್ಲ ಎಂದು ಇವಳೇ ಏರಿಸುತ್ತಿದ್ದಳು. ತೊಟ್ಟಿಲ ವಿಷಯದಲ್ಲಿ ಮಾತ್ರ ಅತ್ತೆ ಬಲು ಚುರುಕು. ಸ್ಪಂದನಾ ಒಳಗೆ ಬರುವ ಹೊತ್ತಿಗೆ ಕೂಸು ಸಿರಿ ಅಜ್ಜಿಯ ಹೆಗಲ ಮೇಲಿರುತ್ತಿತ್ತು. ಹೆತ್ತವಳಿಗಿಂತ ತಾನೇ ಮುಂದು ಎಂದು ತೋರಿಸಿಕೊಳ್ಳುವ ಹಟ, ಇನ್ನೇನು, ಎಂದು ಅವಳು ಒಳಗೊಳಗೇ ಕುದಿಯುತ್ತಿದ್ದಳು.

ಮೊದಲು ಹೋದದ್ದು ಮಾಗಡಿಯಲ್ಲೇ ಇದ್ದ ಒಂದು ಕನ್ನಡಕದ ಅಂಗಡಿಗೆ. ಕನ್ನಡಕಗಳ ಪಕ್ಕದಲ್ಲೇ ಕಿವಿಯ ಮಿಷಿನ್‌ಗಳನ್ನೂ ಜೋಡಿಸಿದ್ದರು. ಅಂಗಡಿಯವನು ಏನೂ ಪರೀಕ್ಷೆ ಮಾಡದೆ ಒಂದನ್ನು ತೆಗೆದು ಗಿರಿಜಾಂಬನವರ ಕಿವಿಗೆ ಸಿಕ್ಕಿಸಿದ. ಎಷ್ಟು ದೂರದ ಪಿಸುಮಾತಾದರೂ ಕೇಳುತ್ತದೆ ಎಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಅದನ್ನು ತೋರಿಸಿಕೊಡಲು ಅವನು ಬಾಗಿಲ ಬಳಿ ಹೋಗಿ, ಬೆನ್ನು ತಿರುಗಿಸಿ ನಿಂತು, ವಾಪಸು ಬಂದ.

“ನಂಗೇನೂ ಕೇಳ್ನಿಲ್ಲ ಕಣಪ್ಪ,” ಅಂದರು ಗಿರಿಜಾಂಬ. ಸೊಸೆಯ ಕಡೆ ತಿರುಗಿದರು. “ಏನಂದನವ್ವ?”

“ಅವ್ನೇನಾದ್ರೂ ಅಂದ್ರೆ ತಾನೆ? ಬರೀ ನಾಟಕ. ನಡೀರಿ.”

ಅಂಗಡಿಯವನು ಪೆಚ್ಚಾಗಿ ಇಬ್ಬರ ಮುಖವನ್ನೂ ನೋಡಿದ.

ರಾಮನಗರದ ಅಂಗಡಿ ದೊಡ್ಡದು. ಒಳಗೆ ಏಸಿ, ಗೋಡೆ ತುಂಬ ನಗುವ ಮುದುಕರ ಪೋಸ್ಟರ್‌ಗಳು. ಟೈ ಕಟ್ಟಿದ್ದ ಸೇಲ್ಸ್‌ಮನ್ ಒಂದೇ ಉಸಿರಿನಲ್ಲಿ ಹೇಳಿದ: “ಇದಕ್ಕೆ ಸ್ವಂತ ಬುದ್ಧಿ ಇದೆ ಮೇಡಮ್. ಗದ್ದಲ ಪೂರ್ತಿ ಕಟ್, ಮಾತು ಮಾತ್ರ ಕಿವಿಗೆ. ಫಾರಿನ್ ಕಂಪನಿ. ಹಾಕಿದ ಕ್ಷಣದಿಂದ ಹದಿನೆಂಟರ ಕಿವಿ.”

ಸ್ಪಂದನಾ ಮಾರುಹೋದಳು. ಗಿರಿಜಾಂಬ ಮಿಷಿನ್ ಇಸಿದುಕೊಂಡು, ತಿರುವಿ ಮುರುವಿ ನೋಡಿ, ತಾವೇ ಕಿವಿಗೆ ಹಾಕಿಕೊಂಡರು. ಸೇಲ್ಸ್‌ಮನ್ ಮೆಲ್ಲನೆ ಊರು ಕೇಳಿದ, ಹೇಳಿದರು. ಮೊಮ್ಮಗಳ ಹೆಸರು ಕೇಳಿದ, ಅದನ್ನೂ ಹೇಳಿದರು.

“ನೋಡಿದ್ರಾ ಮೇಡಮ್, ನಮ್ಮ ಮಿಷಿನ್ ಪವರ್ರು.”

ಗಿರಿಜಾಂಬ ಅಂಗೈ ಬಿಚ್ಚಿದರು. ಮಿಷಿನ್ನಿನ ಬ್ಯಾಟರಿ ಅಲ್ಲಿತ್ತು. “ಇದ ಹಾಕಿದ್ರೆ ಇನ್ನೂ ಒಸಿ ಚೆನ್ನಾಗಿ ಕೇಳ್ತದೇನಪ್ಪ?”

ಬಸ್‌ಸ್ಟ್ಯಾಂಡ್ ತಲುಪುವವರೆಗೂ ಸ್ಪಂದನಾ ನಗುತ್ತಲೇ ಇದ್ದಳು. ಆಮೇಲೆ ಅನುಮಾನ ಬಂತು. “ಮತ್ತೆ ಅವ್ನು ಕೇಳಿದ್ದು ನಿಮಗೆ ಹ್ಯಾಗೆ ತಿಳೀತು?”

“ತುಟಿ ನೋಡ್ದೆ ಕಣವ್ವ.”

ಸ್ಪಂದನಾ ನಂಬಿದಳು. ಅದರಲ್ಲಿ ಅತಿಶಯವೇನಿದೆ? ಮುಖ ನೋಡದೆ ಮಾತು ಯಾರಿಗೆ ತಾನೇ ತಿಳಿಯುತ್ತದೆ?

ಕನಕಪುರದಲ್ಲಿ ಕಿವಿಯ ಪರೀಕ್ಷೆಯನ್ನೇ ಓದಿಕೊಂಡಿದ್ದ ಜಹೀದಾ ಎಂಬಾಕೆ ಪುಟ್ಟ ಕ್ಲಿನಿಕ್ ಇಟ್ಟಿದ್ದರು. ಗೋಡೆಯ ಮೇಲೆ ಪೋಸ್ಟರ್ ಇರಲಿಲ್ಲ. ಅವರು ಮಿಷಿನ್ ತೋರಿಸಲೂ ಇಲ್ಲ.

“ಮೊದಲು ಪರೀಕ್ಷೆ. ಮಿಷಿನ್ ಮಾತು ಆಮೇಲೆ.”

“ಗದ್ದಲಾನೇ ಕೇಳಲ್ಲ ಅಂತಾರಲ್ಲ, ಅಂಥದ್ದು ಐತಾ?” ಗಿರಿಜಾಂಬ ಕೆಣಕಿದರು.

“ಕಮ್ಮಿ ಮಾಡೋದು ಇದೆ. ಪೂರ್ತಿ ಇಲ್ಲದ ಹಾಗೆ ಮಾಡೋದು ನನಗೆ ಗೊತ್ತಿಲ್ಲ. ಯಾವುದೇ ಮಿಷಿನ್ ಆದ್ರೂ ಒಗ್ಗೋಕೆ ಟೈಮ್ ಬೇಕು. ಸರಿಹೊಂದಿಸಿಕೊಳ್ಳೋಕೆ ಮತ್ತೆ ಮತ್ತೆ ಬರ್ಬೇಕಾಗತ್ತೆ. ಕೆಲವು ದಿನ ಹಾಕಿ ನೋಡಿ, ಒಗ್ಗದಿದ್ರೆ ವಾಪಸ್ ಕೊಡಿ.”

ಗಿರಿಜಾಂಬನವರ ಮುಖ ಅರಳಿತು. ಹೊರಗಿನ ಸದ್ದು ಒಳಬಾರದ ಗಾಜಿನ ಕೋಣೆಯೊಳಗೆ ಹೋಗಿ, ಹೆಡ್‌ಫೋನ್ ಹಾಕಿಕೊಂಡು ಕುರ್ಚಿಯಲ್ಲಿ ಕೂತರು. ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಗಾಜಿನ ಈಚೆಯಿಂದ ಸ್ಪಂದನಾ ನೋಡುತ್ತಲೇ ಇದ್ದಳು. ಅತ್ತೆಯ ಬೆರಳು ಒತ್ತುತ್ತಲೇ ಇತ್ತು.

ಪರೀಕ್ಷೆ ಮುಗಿದಾಗ ಜಹೀದಾ ಕೋಣೆಯ ಬಾಗಿಲು ತೆಗೆದು ನಕ್ಕರು. “ಅಮ್ಮ, ನಿಮ್ಮ ಕಿವಿ ನನ್ನ ಕಿವಿಗಿಂತ ಚೆನ್ನಾಗಿದೆ. ನಿಮಗೆ ನಾನು ಮಿಷಿನ್ ಮಾರಲ್ಲ.”

“ಆಯ್ತು ಬುಡು. ಮಿಷಿನ್ ತಗೊಂಡ್ರೆ ನಿನ್ ತಾವಾನೇ ತಗೋಬೇಕು,” ಅಂದರು ಗಿರಿಜಾಂಬ.

ಸ್ಪಂದನಾ ಸಿಟ್ಟಿನಿಂದ ಕೋಣೆಯೊಳಗೆ ನುಗ್ಗಿದಳು. ಊರೂರು ಅಲೆಸಿದ್ದೆಲ್ಲ ಆಟವೇ? “ಎಲ್ಲ ಕೇಳಿಸ್ತಿದ್ರೂ ಕೇಳದೆ ಇರೋ ಹಾಗಿದ್ರಾ ಅತ್ತೆ? ನಾನು ಅಷ್ಟು ಸಲ ಕೂಗ್ತಿದ್ನಲ್ಲ, ಒಂದು ಸಲಾನಾದ್ರೂ ಓ ಅನ್ನಬಾರದಿತ್ತಾ?”

ಗಿರಿಜಾಂಬ ಕುರ್ಚಿಯಿಂದ ಎದ್ದರು. ಹೆಡ್‌ಫೋನ್ ತೆಗೆದು ಸೊಸೆಯ ಕೈಗೆ ಕೊಟ್ಟರು. ಅವಳ ಗಲ್ಲ ಹಿಡಿದು ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು:

“ಅಂತಿದ್ದೆ ಕಣವ್ವ. ನೀನು ಕೂಗಿದಾಗಲೆಲ್ಲ ಅಂತಿದ್ದೆ.”